ಒಂದೇ ದಿನದ ಶಸ್ತ್ರಚಿಕಿತ್ಸೆ: ಅರಿವಳಿಕೆಗೆ ಮುನ್ನ ನಡೆಯುವ ತಪಾಸಣೆ ಹಾಗೂ ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ

ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಉದರದರ್ಶಕದ ಮೂಲಕ ಮಾಡುವ ಸಂತಾನಹರಣ, ಚರ್ಮದಡಿಯ ಗಂಟು ತೆಗೆಯುವುದು ಮೊದಲಾದ ಹಲವು ಶಸ್ತ್ರಚಿಕಿತ್ಸೆಗಳಿಗೆ ಈಗ ರೋಗಿಯು ಆಸ್ಪತ್ರೆಯಲ್ಲಿ ರಾತ್ರಿ ತಂಗಬೇಕಾದ ಅಗತ್ಯ ಬಹುಮಟ್ಟಿಗೆ ಇಲ್ಲ. ಬೆಳಿಗ್ಗೆ ದಾಖಲಾಗಿ ಸಂಜೆ ಮನೆಗೆ ಮರಳಬಹುದು. ಕೂಲಿ ಮಾಡಿ ಬದುಕುವ ಕುಟುಂಬಕ್ಕೆ ಇದರಿಂದ ಆಗುವ ಅನುಕೂಲ ಸಣ್ಣದಲ್ಲ. ಆದರೆ ಇದೇ ವ್ಯವಸ್ಥೆಯ ಬಗ್ಗೆ ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೆ ಒಂದು ದೂರು ಮತ್ತೆ ಮತ್ತೆ ಬರುತ್ತದೆ: "ಬೆಳಗಿನಿಂದ ಉಪವಾಸ ಕೂರಿಸಿ, ಮಧ್ಯಾಹ್ನ ಆಪರೇಷನ್ ಇಲ್ಲವೆಂದು ವಾಪಸು ಕಳುಹಿಸಿದರು." ಬಾಡಿಗೆ ವಾಹನದ ಹಣ ಹೋಗಿರುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗಿರುತ್ತದೆ. ಸದಸ್ಯರು ಆಸ್ಪತ್ರೆಗೆ ದೂರವಾಣಿ ಮಾಡಿ, ಹೇಗಾದರೂ ಇಂದೇ ಮಾಡಿಕೊಡಿ ಎಂದು ಕೇಳುವುದೂ ಉಂಟು.

ಹೀಗೆ ವಾಪಸು ಕಳುಹಿಸುವ ನಿರ್ಧಾರದ ಹಿಂದೆ ಬಹಳಷ್ಟು ಸಲ ಇರುವುದು ಅರಿವಳಿಕೆಗೆ ಮುನ್ನ ನಡೆಯುವ ತಪಾಸಣೆ. ಆ ತಪಾಸಣೆ ಏನನ್ನು ನೋಡುತ್ತದೆ, ಏಕೆ ನೋಡುತ್ತದೆ, ಹಳ್ಳಿಯ ಮಟ್ಟದಲ್ಲಿ ಮುಂಚಿತವಾಗಿ ಏನು ಮಾಡಿದರೆ ವ್ಯರ್ಥ ಪ್ರಯಾಣ ತಪ್ಪುತ್ತದೆ ಎಂಬುದನ್ನು ಮಾನ್ಯ ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಅರಿವಳಿಕೆ ನಿದ್ರೆಯಲ್ಲ

ಅರಿವಳಿಕೆಯನ್ನು ಜನರು "ಮತ್ತಿನ ಇಂಜೆಕ್ಷನ್" ಎಂದು ಕರೆಯುತ್ತಾರೆ. ವಾಸ್ತವದಲ್ಲಿ ಅದು ನಾಲ್ಕು ಬಗೆಯದು. ಶಸ್ತ್ರಚಿಕಿತ್ಸೆ ನಡೆಯುವ ಜಾಗವನ್ನಷ್ಟೇ ಮರಗಟ್ಟಿಸುವುದು, ಬೆನ್ನಿಗೆ ಅಥವಾ ನರದ ಬಳಿ ಚುಚ್ಚುಮದ್ದು ನೀಡಿ ದೇಹದ ಒಂದು ಭಾಗವನ್ನು ಮರಗಟ್ಟಿಸುವುದು, ಮಂಪರು ಬರಿಸುವುದು, ಪೂರ್ಣ ಪ್ರಜ್ಞೆ ತಪ್ಪಿಸುವುದು. ಪೂರ್ಣ ಅರಿವಳಿಕೆಯಲ್ಲಿ ಮನುಷ್ಯನ ಕೆಮ್ಮು, ನುಂಗುವಿಕೆಯಂತಹ ರಕ್ಷಣಾ ಕ್ರಿಯೆಗಳು ಸ್ಥಗಿತಗೊಳ್ಳುತ್ತವೆ, ಉಸಿರಾಟ ಕುಗ್ಗುತ್ತದೆ ಇಲ್ಲವೇ ನಿಲ್ಲುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಈ ಕೆಲಸಗಳನ್ನು ಆ ಅವಧಿಯಲ್ಲಿ ಅರಿವಳಿಕೆ ತಜ್ಞರು ತಮ್ಮ ಕೈಗೆ ತೆಗೆದುಕೊಂಡಿರುತ್ತಾರೆ. ದೇಹ ಆ ಹೊರೆಯನ್ನು ತಡೆದುಕೊಳ್ಳಬಲ್ಲದೇ ಎಂಬುದನ್ನು ಮೊದಲೇ ತಿಳಿಯುವುದೇ ತಪಾಸಣೆಯ ಉದ್ದೇಶ. ಹಳೆಯ ಸೇತುವೆಯ ಮೇಲೆ ಭಾರದ ವಾಹನ ಬಿಡುವ ಮುನ್ನ ಅದರ ಸಾಮರ್ಥ್ಯ ಪರಿಶೀಲಿಸುವ ಕ್ರಮಕ್ಕೆ ಇದನ್ನು ಹೋಲಿಸಬಹುದು.

"ಸಣ್ಣ ಆಪರೇಷನ್, ಸಣ್ಣ ಮತ್ತು" ಎಂಬ ನಂಬಿಕೆ ಸರಿಯಲ್ಲ. ಶಸ್ತ್ರಚಿಕಿತ್ಸೆ ಹತ್ತು ನಿಮಿಷದ್ದಾದರೂ ಉಸಿರಾಟ ನಿಂತಾಗ ಮೆದುಳಿಗೆ ದೊರೆಯುವ ಕಾಲಾವಕಾಶ ಕೆಲವೇ ನಿಮಿಷಗಳದು. ಮಂಪರು ಮಾತ್ರ ನೀಡುವ ಸಂದರ್ಭದಲ್ಲೂ ಅದು ಆಳವಾಗಿ ಉಸಿರಾಟ ಕುಗ್ಗಬಹುದು. ಆದಕಾರಣ ಯಾವ ಬಗೆಯ ಅರಿವಳಿಕೆಯಾದರೂ ತಪಾಸಣೆ ಬೇಕೇ ಬೇಕು.

2. ಒಂದೇ ದಿನದ ಚಿಕಿತ್ಸೆ ಬೆಳೆದುಬಂದ ಬಗೆ

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿ ನೀಡಿದ ಅರಿವಳಿಕೆಯ ಸಾರ್ವಜನಿಕ ಪ್ರಾತ್ಯಕ್ಷಿಕೆಯಿಂದ ಆಧುನಿಕ ಅರಿವಳಿಕೆಯ ಕಾಲ ಆರಂಭವಾಯಿತೆಂದು ಪರಿಗಣಿಸಲಾಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಜೇಮ್ಸ್ ನಿಕೋಲ್ ಎಂಬ ಶಸ್ತ್ರವೈದ್ಯರು ಸುಮಾರು 9 ಸಾವಿರ ಶಸ್ತ್ರಚಿಕಿತ್ಸೆಗಳನ್ನು ಹೊರರೋಗಿಗಳಿಗೇ ಮಾಡಿ, 1909ರಲ್ಲಿ ಅದರ ವರದಿ ಪ್ರಕಟಿಸಿದರು. ಮಗುವನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳದೆ ತಾಯಿಯ ಮಡಿಲಿಗೆ ಅದೇ ದಿನ ಒಪ್ಪಿಸಬಹುದೆಂದು ಅವರು ತೋರಿಸಿದರು. ಆದರೆ ಮನೆಯಲ್ಲಿ ಆರೈಕೆಯ ಪರಿಸ್ಥಿತಿ ಸರಿಯಾಗಿರಬೇಕೆಂಬ ಮಾತನ್ನೂ ಅವರು ಒತ್ತಿ ಹೇಳಿದ್ದರು. ಶತಮಾನ ಕಳೆದರೂ ಆ ಷರತ್ತು ಬದಲಾಗಿಲ್ಲ.

3. ತಪಾಸಣೆಯಲ್ಲಿ ನೋಡುವ ಅಂಶಗಳು

(ಅ) ಒಟ್ಟಾರೆ ಆರೋಗ್ಯದ ಶ್ರೇಣಿ: ಅಮೆರಿಕದ ಅರಿವಳಿಕೆ ತಜ್ಞರ ಸಂಘ ರೂಪಿಸಿದ ಶ್ರೇಣಿಯನ್ನು ಇಂದು ಭಾರತವೂ ಸೇರಿದಂತೆ ಬಹುತೇಕ ದೇಶಗಳಲ್ಲಿ ಬಳಸಲಾಗುತ್ತಿದೆ. ಇದರ ಮೂಲರೂಪ 1941ರದು. 1ನೇ ಶ್ರೇಣಿಯವರು ಪೂರ್ಣ ಆರೋಗ್ಯವಂತರು. 2ನೇ ಶ್ರೇಣಿಯವರಿಗೆ ಹತೋಟಿಯಲ್ಲಿರುವ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯಂತಹ ಸೌಮ್ಯ ತೊಂದರೆ ಇರುತ್ತದೆ. ಬೀಡಿ, ಸಿಗರೇಟು ಸೇದುವವರೂ ಇದೇ ಶ್ರೇಣಿಗೆ ಬರುತ್ತಾರೆ. 3ನೇ ಶ್ರೇಣಿ ಎಂದರೆ ದೈನಂದಿನ ಚಟುವಟಿಕೆಗೆ ಅಡ್ಡಿಯಾಗುವ ಗಂಭೀರ ಕಾಯಿಲೆ. 4ನೇ ಶ್ರೇಣಿಯಲ್ಲಿ ಕಾಯಿಲೆಯು ಜೀವಕ್ಕೇ ಸತತ ಅಪಾಯ ಒಡ್ಡಿರುತ್ತದೆ. ಒಂದೇ ದಿನದ ಚಿಕಿತ್ಸೆಗೆ ಸಾಮಾನ್ಯವಾಗಿ ಮೊದಲೆರಡು ಶ್ರೇಣಿಯವರನ್ನೂ, ಕಾಯಿಲೆ ಸ್ಥಿರವಾಗಿರುವ 3ನೇ ಶ್ರೇಣಿಯವರನ್ನೂ ಆಯ್ಕೆ ಮಾಡಲಾಗುತ್ತದೆ. ವಯಸ್ಸು ಮಾತ್ರವೇ ಅಡ್ಡಿಯಲ್ಲ. ಎಪ್ಪತ್ತು ದಾಟಿದ ಗಟ್ಟಿಮುಟ್ಟಾದ ರೈತರು ನಲವತ್ತರ ಉಬ್ಬಸದ ರೋಗಿಗಿಂತ ಸುರಕ್ಷಿತರಾಗಿರಬಹುದು.

(ಆ) ಹೃದಯ ಮತ್ತು ಶ್ವಾಸಕೋಶದ ಶಕ್ತಿ: ಎರಡು ಅಂತಸ್ತಿನ ಮೆಟ್ಟಿಲನ್ನು ನಿಲ್ಲದೆ ಹತ್ತಬಲ್ಲಿರಾ ಎಂದು ವೈದ್ಯರು ಕೇಳುವುದು ಇದಕ್ಕಾಗಿಯೇ. ಮೆಟ್ಟಿಲೇ ಇಲ್ಲದ ಊರಿನಲ್ಲಿ ಬಾವಿಯಿಂದ ತುಂಬಿದ ಕೊಡ ಹೊತ್ತು ತರುವಾಗ, ಹೊಲದ ಏರಿ ಹತ್ತುವಾಗ ಏದುಸಿರು ಬರುತ್ತದೆಯೇ, ಎದೆ ಬಿಗಿಯುತ್ತದೆಯೇ ಎಂದು ಕೇಳಿದರೂ ಅದೇ ಉತ್ತರ ದೊರೆಯುತ್ತದೆ. ರಕ್ತದೊತ್ತಡ 180/110 ಮೀರಿದ್ದರೆ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮುಂದೂಡಲಾಗುತ್ತದೆ.

(ಇ) ಬಾಯಿ, ಹಲ್ಲು, ಕುತ್ತಿಗೆ: ಅಗತ್ಯವಾದಾಗ ಶ್ವಾಸನಾಳಕ್ಕೆ ನಳಿಕೆ ಇಳಿಸಲು ಸಾಧ್ಯವೇ ಎಂಬುದನ್ನು ಮೊದಲೇ ಅಂದಾಜಿಸಬೇಕಾಗುತ್ತದೆ. ಬಾಯಿ ಅಗಲವಾಗಿ ತೆರೆದು ನಾಲಿಗೆ ಹೊರಚಾಚಿದಾಗ ಗಂಟಲಿನ ಒಳಭಾಗ ಎಷ್ಟು ಕಾಣುತ್ತದೆ ಎಂಬುದರಿಂದ ಇದನ್ನು ಅಳೆಯುವ ಸರಳ ವಿಧಾನವನ್ನು 1985ರಲ್ಲಿ ಪ್ರಕಟಿಸಿದವರು ಭಾರತ ಮೂಲದ ವೈದ್ಯ ಶೇಷಗಿರಿರಾವ್ ಮಲ್ಲಂಪಾಟಿ. ಜಗತ್ತಿನ ಆಸ್ಪತ್ರೆಗಳಲ್ಲಿ ಆ ಪರೀಕ್ಷೆ ಇಂದಿಗೂ ಅವರ ಹೆಸರಿನಿಂದಲೇ ನಡೆಯುತ್ತಿದೆ. ಅಲುಗಾಡುವ ಹಲ್ಲು ಹಾಗೂ ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದರೆ ತಪ್ಪದೆ ತಿಳಿಸಬೇಕು. ಜೋರಾಗಿ ಗೊರಕೆ ಹೊಡೆಯುವುದು, ನಿದ್ರೆಯಲ್ಲಿ ಉಸಿರು ಕಟ್ಟುವುದು ಇವೂ ಹೇಳಬೇಕಾದ ಸಂಗತಿಗಳೇ.

(ಈ) ಹಿಂದಿನ ಅನುಭವ: ರೋಗಿಗೆ ಅಥವಾ ರಕ್ತಸಂಬಂಧಿಗಳಿಗೆ ಈ ಮೊದಲು ಅರಿವಳಿಕೆಯಿಂದ ತೊಂದರೆ ಆಗಿತ್ತೇ, ಯಾರಾದರೂ ಎಚ್ಚರಗೊಳ್ಳಲು ಇಲ್ಲವೇ ತಾವಾಗಿ ಉಸಿರಾಡಲು ಗಂಟೆಗಟ್ಟಲೆ ತಡವಾಗಿತ್ತೇ ಎಂದು ಕೇಳಲಾಗುತ್ತದೆ. ಸ್ನಾಯು ಸಡಿಲಿಸುವ ಒಂದು ಔಷಧವು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿರುವ ಕಿಣ್ವವೊಂದರಿಂದ ಕರಗಿಹೋಗುತ್ತದೆ. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆಯಿರುವವರಲ್ಲಿ ಅದೇ ಔಷಧದ ಪರಿಣಾಮ ಗಂಟೆಗಳ ಕಾಲ ಉಳಿಯುತ್ತದೆ. ದಕ್ಷಿಣ ಭಾರತದ ಕೆಲವು ಸಮುದಾಯಗಳಲ್ಲಿ ಈ ಕೊರತೆ ಹೆಚ್ಚಾಗಿ ಕಂಡುಬಂದಿದೆ. "ನಮ್ಮ ದೊಡ್ಡಪ್ಪನಿಗೆ ಆಪರೇಷನ್ ಆದ ಮೇಲೆ ಉಸಿರಿನ ಯಂತ್ರ ಹಾಕಿದ್ದರು" ಎಂಬ ಒಂದು ಮಾತು ವೈದ್ಯರಿಗೆ ದೊಡ್ಡ ಎಚ್ಚರಿಕೆಯಾಗುತ್ತದೆ.

(ಉ) ನಿತ್ಯದ ಔಷಧಗಳು: ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್, ರಕ್ತ ತೆಳುಗೊಳಿಸುವ ಮಾತ್ರೆ, ಉಬ್ಬಸದ ಪಂಪು, ಫಿಟ್ಸ್ ಮಾತ್ರೆ ಇವುಗಳಲ್ಲಿ ಕೆಲವನ್ನು ಶಸ್ತ್ರಚಿಕಿತ್ಸೆಯ ದಿನವೂ ಮುಂದುವರಿಸಬೇಕು, ಕೆಲವನ್ನು ನಿಲ್ಲಿಸಬೇಕು. ಉಪವಾಸದಲ್ಲಿ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಕುಸಿದು ಅಪಾಯವಾಗಬಹುದು. ಯಾವುದನ್ನು ನಿಲ್ಲಿಸಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮಾತ್ರೆಗಳ ಹೆಸರು ಗೊತ್ತಿಲ್ಲದವರು ಖಾಲಿ ಪಟ್ಟಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋದರೆ ಸಾಕು.

4. ಹಳ್ಳಿಯಲ್ಲಿ ಹೇಳದೆ ಉಳಿಯುವ ನಾಲ್ಕು ಸಂಗತಿಗಳು

ಕೀಟನಾಶಕ: ಹತ್ತಿ, ತೊಗರಿ, ಮೆಣಸಿನಕಾಯಿ, ತರಕಾರಿ ಬೆಳೆಗಳಿಗೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ವರ್ಗದ ಔಷಧಗಳು ಮೇಲೆ ಹೇಳಿದ ಕಿಣ್ವವನ್ನೇ ದೇಹದಲ್ಲಿ ಕುಗ್ಗಿಸುತ್ತವೆ. ಇತ್ತೀಚೆಗೆ ಸಿಂಪಡಣೆ ಮಾಡಿದ್ದರೆ, ಅದರಿಂದ ತಲೆಸುತ್ತು ಅಥವಾ ವಾಂತಿ ಆಗಿದ್ದರೆ ಅರಿವಳಿಕೆ ತಜ್ಞರಿಗೆ ತಿಳಿಸಬೇಕು. ಅವರು ಕೇಳುವವರೆಗೆ ಕಾಯಬಾರದು.

ಗುಟ್ಕಾ ಮತ್ತು ಎಲೆಅಡಿಕೆ: ದೀರ್ಘಕಾಲ ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಲು ಆಗದಿದ್ದರೆ ನಳಿಕೆ ಇಳಿಸುವುದು ಕಠಿಣವಾಗಬಹುದು. ಇಂತಹವರಿಗೆ ವಿಶೇಷ ಉಪಕರಣವಿರುವ ದೊಡ್ಡ ಆಸ್ಪತ್ರೆ ಬೇಕಾಗಬಹುದು.

ಮದ್ಯ ಮತ್ತು ಬೀಡಿ: ಮನೆಯವರ ಎದುರು ಹೇಳಲು ಸಂಕೋಚವಿದ್ದರೆ ವೈದ್ಯರೊಡನೆ ಪ್ರತ್ಯೇಕವಾಗಿ ಮಾತನಾಡಲು ರೋಗಿಗೆ ಅವಕಾಶವಿದೆ. ನಿತ್ಯ ಕುಡಿಯುವವರಲ್ಲಿ ಅರಿವಳಿಕೆಯ ಪ್ರಮಾಣ ವ್ಯತ್ಯಾಸವಾಗುತ್ತದೆ. ಹಠಾತ್ತನೆ ಬಿಟ್ಟರೆ ನಡುಕ, ಭ್ರಮೆ ಕಾಣಿಸಿಕೊಳ್ಳಬಹುದು.

ನಾಟಿ ಔಷಧ: ಬೇರು, ಕಷಾಯ, ಭಸ್ಮ ಯಾವುದನ್ನು ಸೇವಿಸುತ್ತಿದ್ದರೂ ತಿಳಿಸಬೇಕು. ಅವುಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವುದರ ಮೇಲೂ ಸಕ್ಕರೆಯ ಪ್ರಮಾಣದ ಮೇಲೂ ಪರಿಣಾಮ ಬೀರುತ್ತವೆ.

ಇದಲ್ಲದೆ, ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣ ರಕ್ತಹೀನತೆ ಇರುವುದು ತಿಳಿದ ಸಂಗತಿ. ಈ ಕಾಯಿಲೆಯವರಿಗೆ ಅರಿವಳಿಕೆಯ ಸಮಯದಲ್ಲಿ ಚಳಿ, ನೀರಿನ ಕೊರತೆ, ಆಮ್ಲಜನಕದ ಕೊರತೆ ಮೂರೂ ಅಪಾಯಕಾರಿ. ಪರೀಕ್ಷೆ ಮಾಡಿಸಿಕೊಂಡು ಕಾರ್ಡ್ ಪಡೆದವರು ಅದನ್ನು ಜೊತೆಗೆ ಒಯ್ಯಬೇಕು.

5. ಉಪವಾಸದ ನಿಯಮ

ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿರುವುದು ಗಂಟಲಿಗೆ ಮರಳಿ ಶ್ವಾಸಕೋಶ ಸೇರಬಹುದು. ಹೆರಿಗೆಯ ವೇಳೆ ಅರಿವಳಿಕೆ ಪಡೆದ ಮಹಿಳೆಯರಲ್ಲಿ ಹೀಗಾದ 66 ಪ್ರಕರಣಗಳನ್ನು ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ವಿವರಿಸಿದರು. ಉಪವಾಸದ ನಿಯಮ ಗಟ್ಟಿಗೊಂಡಿದ್ದು ಇಂತಹ ಅನುಭವಗಳಿಂದಲೇ. ಇಂದು ಸಾಮಾನ್ಯವಾಗಿ ಪಾಲಿಸುವ ಅವಧಿ ಹೀಗಿದೆ:

• ಎಣ್ಣೆಯಲ್ಲಿ ಕರಿದ ತಿಂಡಿ, ಮಾಂಸ, ಹೊಟ್ಟೆ ತುಂಬ ಊಟ: 8 ಗಂಟೆ
• ಹಗುರ ಆಹಾರ, ಹಸು ಅಥವಾ ಎಮ್ಮೆಯ ಹಾಲು: 6 ಗಂಟೆ
• ತಾಯಿಯ ಹಾಲು: 4 ಗಂಟೆ
• ಶುದ್ಧ ನೀರು: 2 ಗಂಟೆ

ತಪ್ಪು ಹೆಚ್ಚಾಗಿ ಆಗುವುದು ಚಹಾದ ವಿಷಯದಲ್ಲಿ. ಬಸ್ ನಿಲ್ದಾಣದಲ್ಲಿ ಕುಡಿದ ಅರ್ಧ ಲೋಟ ಹಾಲಿನ ಚಹಾವನ್ನು ಜನರು ಆಹಾರವೆಂದು ಎಣಿಸುವುದಿಲ್ಲ. ವೈದ್ಯರ ಲೆಕ್ಕದಲ್ಲಿ ಅದು ಹಾಲು, ಆದ್ದರಿಂದ 6 ಗಂಟೆ ಕಾಯಬೇಕು. ಗಂಜಿ, ಮಜ್ಜಿಗೆ ಕೂಡ ನೀರಿನ ಪಟ್ಟಿಗೆ ಸೇರುವುದಿಲ್ಲ. ಹಾಗೆಂದು ಹಿಂದಿನ ಸಂಜೆಯಿಂದಲೇ ಹನಿ ನೀರನ್ನೂ ಕೊಡದಿರುವುದು ಸರಿಯಲ್ಲ. ಮಕ್ಕಳು, ವೃದ್ಧರು, ಸಕ್ಕರೆ ಕಾಯಿಲೆಯವರು ಅದರಿಂದ ಬಳಲುತ್ತಾರೆ. ಕಣ್ಣಿಗೆ ಹನಿ ಹಾಕಿ ಮಾಡುವ ಪೊರೆ ಚಿಕಿತ್ಸೆಗೆ ಕೆಲವೆಡೆ ಉಪವಾಸ ಬೇಡವೆಂದು ಹೇಳಲಾಗುತ್ತದೆ. ಆಯಾ ಆಸ್ಪತ್ರೆಯ ಸೂಚನೆಯೇ ಅಂತಿಮ. ತಿಂದಿದ್ದರೆ ತಿಂದೆ ಎಂದು ಹೇಳಬೇಕು. ಹೇಳಿದರೆ ದಿನ ಮುಂದಕ್ಕೆ ಹೋಗುತ್ತದೆ. ಮುಚ್ಚಿಟ್ಟರೆ ಪ್ರಾಣಕ್ಕೇ ಅಪಾಯ ಬರಬಹುದು.

6. ಮಕ್ಕಳ ವಿಷಯ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಅಂಗನವಾಡಿ ಮತ್ತು ಶಾಲೆಗಳಲ್ಲಿ ಗುರುತಿಸಿದ ಮಕ್ಕಳು ಶಸ್ತ್ರಚಿಕಿತ್ಸೆಗೆ ಹೋಗುತ್ತಾರೆ. ನೆಗಡಿ, ಕೆಮ್ಮು, ಜ್ವರ ಇರುವ ಅಥವಾ ಕಳೆದ ಎರಡು ವಾರಗಳಲ್ಲಿ ಬಂದು ಹೋದ ಮಗುವಿನಲ್ಲಿ ಅರಿವಳಿಕೆಯ ವೇಳೆ ಗಂಟಲು ಬಿಗಿದು ಉಸಿರು ಕಟ್ಟುವ ಸಂಭವ ಹೆಚ್ಚು. "ಬರೀ ನೆಗಡಿ" ಎಂದು ಪೋಷಕರು ಮುಚ್ಚಿಡಬಾರದು. ಮುಂಚಿತವಾಗಿ ದೂರವಾಣಿಯಲ್ಲಿ ತಿಳಿಸಿದರೆ ಆಸ್ಪತ್ರೆಯವರು ಬೇರೆ ದಿನ ಕೊಡುತ್ತಾರೆ, ಪ್ರಯಾಣವೂ ಉಳಿಯುತ್ತದೆ.

7. ಮನೆ ಮತ್ತು ದಾರಿಯೂ ತಪಾಸಣೆಯ ಭಾಗ

ಒಂದೇ ದಿನದ ಚಿಕಿತ್ಸೆಯಲ್ಲಿ ರಾತ್ರಿಯ ಆರೈಕೆ ನಡೆಯುವುದು ಮನೆಯಲ್ಲಿ. ಆದ್ದರಿಂದ ತಪಾಸಣೆಯ ಒಂದು ಭಾಗ ವೈದ್ಯಕೀಯವಾದರೆ, ಇನ್ನೊಂದು ಭಾಗ ಮನೆಯ ಪರಿಸ್ಥಿತಿಗೆ ಸಂಬಂಧಿಸಿದ್ದು. ಜೊತೆಗೆ ಜವಾಬ್ದಾರಿಯುತ ವಯಸ್ಕರೊಬ್ಬರು ಬಂದು, ರಾತ್ರಿ ಮನೆಯಲ್ಲಿಯೂ ಇರುತ್ತಾರೆಯೇ? ರಕ್ತಸ್ರಾವ, ಉಸಿರಾಟದ ತೊಂದರೆ, ನಿಲ್ಲದ ವಾಂತಿ ಕಂಡುಬಂದರೆ ವಾಹನ ಮನೆಯ ಬಾಗಿಲಿಗೆ ಬರುತ್ತದೆಯೇ? ಮೊಬೈಲ್ ಸಂಪರ್ಕ ಸಿಗುತ್ತದೆಯೇ? ಮನೆಯ ಹತ್ತಿರ ಶೌಚಾಲಯ ಇದೆಯೇ? ಮಳೆಗಾಲದಲ್ಲಿ ಹಳ್ಳ ಬಂದು ದಾರಿ ಮುಚ್ಚುತ್ತದೆಯೇ? ಈ ಪ್ರಶ್ನೆಗಳ ಉತ್ತರ ವೈದ್ಯರಿಗೆ ತಿಳಿದಿರುವುದಿಲ್ಲ. ವಾರ್ಡಿನ ಸದಸ್ಯರಿಗೆ ತಿಳಿದಿರುತ್ತದೆ. ಒಂಟಿಯಾಗಿ ವಾಸಿಸುವ ವೃದ್ಧರಿಗೆ, ಮಲೆನಾಡಿನ ಒಂಟಿಮನೆಯವರಿಗೆ ಒಂದು ರಾತ್ರಿ ಆಸ್ಪತ್ರೆಯಲ್ಲಿಯೇ ಉಳಿಸಿಕೊಳ್ಳಿರೆಂದು ಕೇಳುವುದು ಇಂತಹ ಸಂದರ್ಭದಲ್ಲಿ ಸೂಕ್ತ.

ಅರಿವಳಿಕೆ ಅಥವಾ ಮಂಪರು ಪಡೆದವರು 24 ಗಂಟೆ ಬೈಕ್, ಟ್ರ್ಯಾಕ್ಟರ್ ಓಡಿಸಬಾರದು, ಮೋಟಾರು, ಮೇವು ಕತ್ತರಿಸುವ ಯಂತ್ರಗಳ ಬಳಿ ಕೆಲಸ ಮಾಡಬಾರದು, ಮದ್ಯ ಸೇವಿಸಬಾರದು, ಯಾವುದೇ ದಸ್ತಾವೇಜಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಆಸ್ತಿ ವಿಭಾಗ, ಸಾಲದ ಪತ್ರಗಳ ವಿಷಯದಲ್ಲಿ ಈ ಎಚ್ಚರಿಕೆ ಮುಖ್ಯ.

8. ಮುಂದೂಡಿಕೆ: ಒಂದು ಉದಾಹರಣೆ

ಐವತ್ತೆಂಟು ವರ್ಷದ ರೈತರೊಬ್ಬರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ ಎಂದುಕೊಳ್ಳೋಣ. ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದವರು, ಆರಾಮಾಗಿದೆ ಎಂದು ಮೂರು ವಾರದಿಂದ ನಿಲ್ಲಿಸಿದ್ದಾರೆ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಅಳೆದಾಗ 190/115 ಕಾಣುತ್ತದೆ. ಅರಿವಳಿಕೆಯಲ್ಲಿ ಒತ್ತಡ ಹಠಾತ್ತನೆ ಕುಸಿದು ಏರುವುದರಿಂದ ಮೆದುಳು, ಹೃದಯಗಳಿಗೆ ಅಪಾಯವೆಂದು ತಜ್ಞರು ಮುಂದೂಡುತ್ತಾರೆ. ಆ ದಿನ ಸದಸ್ಯರು ಎಷ್ಟು ಒತ್ತಾಯಿಸಿದರೂ ಒತ್ತಡ ಇಳಿಯುವುದಿಲ್ಲ. ಎರಡು ವಾರ ಮೊದಲು ಊರಿನ ಆರೋಗ್ಯ ಉಪಕೇಂದ್ರದಲ್ಲಿ ಒಮ್ಮೆ ಅಳೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಮರಳಿ ಆರಂಭಿಸಿದ್ದರೆ ಇಳಿಯುತ್ತಿತ್ತು. ಸದಸ್ಯರ ಪ್ರಭಾವ ಉಪಯೋಗಕ್ಕೆ ಬರಬೇಕಾದುದು ಆ ದಿನ, ಶಸ್ತ್ರಚಿಕಿತ್ಸೆಯ ದಿನವಲ್ಲ.

ಮುಂದೂಡಿದ ಅವಧಿಯಲ್ಲಿಯೂ ಎಚ್ಚರ ಅಗತ್ಯ. ಹರ್ನಿಯಾದ ಊತ ಗಟ್ಟಿಯಾಗಿ ಒಳಗೆ ಹೋಗದೆ, ತೀವ್ರ ನೋವು, ವಾಂತಿ ಆರಂಭವಾದರೆ ಅದು ತುರ್ತುಸ್ಥಿತಿ. ಹೊಸ ದಿನಾಂಕಕ್ಕೆ ಕಾಯದೆ 108ಕ್ಕೆ ಕರೆ ಮಾಡಬೇಕು. ತುರ್ತು ಸಂದರ್ಭದಲ್ಲಿ ವೈದ್ಯರು ಅಪಾಯಗಳನ್ನು ತೂಗಿ ನೋಡಿ ಶಸ್ತ್ರಚಿಕಿತ್ಸೆಗೆ ಮುಂದಾಗುತ್ತಾರೆ.

9. ಶಿಬಿರಗಳ ಬಗ್ಗೆ

ಸಂತಾನಹರಣ ಶಸ್ತ್ರಚಿಕಿತ್ಸೆಗಳ ಕುರಿತು ರಮಾಕಾಂತ್ ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು. ಶಸ್ತ್ರಚಿಕಿತ್ಸೆಗೆ ಮುನ್ನ ಪ್ರತಿಯೊಬ್ಬರ ವಯಸ್ಸು, ಆರೋಗ್ಯ, ಮಕ್ಕಳ ಸಂಖ್ಯೆ ಮೊದಲಾದ ವಿವರಗಳ ತಪಾಸಣಾ ಪಟ್ಟಿಯನ್ನು ವೈದ್ಯರು ಭರ್ತಿ ಮಾಡಲೇಬೇಕೆಂಬುದು ಅದರಲ್ಲಿ ಒಂದು. 2016ರ ಸೆಪ್ಟೆಂಬರಿನಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪಿನಲ್ಲಿ, ಸಂತಾನಹರಣ ಶಿಬಿರಗಳ ಪದ್ಧತಿಯನ್ನು ಮೂರು ವರ್ಷಗಳೊಳಗೆ ಕೈಬಿಡುವ ದಿಸೆಯಲ್ಲಿ ಕ್ರಮ ಕೈಗೊಳ್ಳುವಂತೆ ನ್ಯಾಯಾಲಯ ಸೂಚಿಸಿತು. ಎಷ್ಟು ಮಂದಿಯನ್ನು ಕರೆತಂದೆವು ಎಂಬ ಎಣಿಕೆಗಿಂತ ಒಬ್ಬೊಬ್ಬರನ್ನೂ ಸರಿಯಾಗಿ ಪರೀಕ್ಷಿಸಲಾಯಿತೇ ಎಂಬ ಪ್ರಶ್ನೆ ಮುಖ್ಯ. ರಕ್ತಹೀನತೆ ಇರುವ ಮಹಿಳೆಗೆ ಮೊದಲು ರಕ್ತವೃದ್ಧಿಯ ಚಿಕಿತ್ಸೆ ಕೊಡಿಸುವುದು ಆಕೆಯ ಹಕ್ಕು. ಅದನ್ನು ಕಾಲಹರಣವೆಂದು ತಿಳಿಯಬಾರದು.

10. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1) ಶಸ್ತ್ರಚಿಕಿತ್ಸೆ ನಿಗದಿಯಾದವರು ಕನಿಷ್ಠ ಎರಡು ವಾರ ಮೊದಲು ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರು ಹಾಗೂ ಸಮುದಾಯ ಆರೋಗ್ಯ ಅಧಿಕಾರಿಯವರ ಮೂಲಕ ತಿಳಿವಳಿಕೆ ನೀಡುವುದು.

2) ಹಳೆಯ ಚೀಟಿ, ಮಾತ್ರೆಯ ಪಟ್ಟಿ, ಹಿಂದಿನ ಶಸ್ತ್ರಚಿಕಿತ್ಸೆಯ ದಾಖಲೆಗಳನ್ನು ಒಂದೇ ಚೀಲದಲ್ಲಿ ಒಯ್ಯುವಂತೆ ಹೇಳುವುದು. ಒಡವೆ, ಉಗುರು ಬಣ್ಣ ತೆಗೆದು ಹೋಗಬೇಕು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಸಾಧನಕ್ಕೆ ಉಗುರಿನ ಬಣ್ಣ ಅಡ್ಡಿಯಾಗಬಹುದು.

3) ಉಪವಾಸದ ಅವಧಿಯ ಪಟ್ಟಿಯನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ, ಅಂಗನವಾಡಿಯಲ್ಲಿ ಪ್ರದರ್ಶಿಸುವುದು.

4) ಮರಳುವ ವಾಹನ ಹಾಗೂ ಜೊತೆಗಾರರ ವ್ಯವಸ್ಥೆ ಇಲ್ಲದವರ ವಿಷಯವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಚರ್ಚಿಸುವುದು.

5) ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಬಳಿಕವೇ ಸಹಿ ಹಾಕುವಂತೆ, ಯಾವ ಅರಿವಳಿಕೆ, ಯಾರು ನೀಡುತ್ತಾರೆ ಎಂದು ಕೇಳುವಂತೆ ಜನರಿಗೆ ಧೈರ್ಯ ಹೇಳುವುದು.

6) ವಿನಾಕಾರಣ ಪದೇಪದೇ ಮುಂದೂಡುತ್ತಿದ್ದರೆ, ಕಾರಣವನ್ನೂ ಮುಂದಿನ ದಿನಾಂಕವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯುವುದು. ತಜ್ಞರ ಅಥವಾ ಉಪಕರಣದ ಕೊರತೆ ಕಾರಣವಾಗಿದ್ದಲ್ಲಿ ಆ ವಿಷಯವನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರುವುದು ಸದಸ್ಯರ ನ್ಯಾಯವಾದ ಕೆಲಸ.

ಎರಡು ಕೆಲಸಗಳನ್ನು ಮಾತ್ರ ಮಾಡತಕ್ಕದ್ದಲ್ಲ. ಅರಿವಳಿಕೆ ತಜ್ಞರು ಬೇಡವೆಂದ ದಿನ ಶಸ್ತ್ರಚಿಕಿತ್ಸೆ ನಡೆಸುವಂತೆ ಒತ್ತಡ ಹೇರಬಾರದು. ಯಾರ ಕಾಯಿಲೆಯ ವಿವರವನ್ನೂ, ವಿಶೇಷವಾಗಿ ಸಂತಾನಹರಣ, ಮದ್ಯಸೇವನೆ, ಗರ್ಭಕ್ಕೆ ಸಂಬಂಧಿಸಿದ ಸಂಗತಿಗಳನ್ನು, ಸಭೆಯಲ್ಲಾಗಲಿ ಮೊಬೈಲ್ ಗುಂಪಿನಲ್ಲಾಗಲಿ ಬಹಿರಂಗಪಡಿಸಬಾರದು. ಊರಿನಲ್ಲಿ ಮಾತಾಗುತ್ತದೆ ಎಂಬ ಭಯವಿದ್ದಲ್ಲಿ ಜನರು ವೈದ್ಯರೆದುರಿಗೂ ಸತ್ಯ ಹೇಳುವುದಿಲ್ಲ. ಸತ್ಯ ದೊರೆಯದಿದ್ದರೆ ಎಷ್ಟೇ ಪರೀಕ್ಷೆ ಮಾಡಿದರೂ ಅಪಾಯ ತಪ್ಪುವುದಿಲ್ಲ.

ಮೇಲ್ಕಂಡ ಅಂಶಗಳನ್ನು ಮುಂದಿನ ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳಲ್ಲಿ ಓದಿ ಹೇಳುವುದು, ಶಸ್ತ್ರಚಿಕಿತ್ಸೆಯ ದಿನಾಂಕ ಪಡೆದ ಕುಟುಂಬಗಳಿಗೆ ಆಶಾ ಕಾರ್ಯಕರ್ತೆಯರ ಮೂಲಕ ಮುಂಚಿತವಾಗಿ ತಲುಪಿಸುವುದು ಸೂಕ್ತ. ಸಂದೇಹಗಳಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ 104 ಆರೋಗ್ಯ ಸಹಾಯವಾಣಿಯನ್ನು ಸಂಪರ್ಕಿಸಬಹುದು.